ಪಿಟೀಲುಗಾರನ ಹಾಲಣ್ಣ

ನಮ್ಮ ಕ್ರೆಸ್‌ವಿಲ್ ಬಂದರಿನಲ್ಲಿ ಇದುವರೆಗೆ ಸತ್ತವರಲ್ಲೆಲ್ಲ ಅತ್ಯಂತ ಗೌರವದಿಂದ ಸತ್ತವನೆಂದರೆ ಲಿಯಾಂದ್ರ ಕೊರ್ವೆನ್. ಅವನು ಹುಟ್ಟಿಯೇ ಇರಲಿಲ್ಲ ಎಂಬ ತಕರಾರು ಆಮೇಲೆ ಎದ್ದಿತು, ಅದು ಬೇರೆ ಮಾತು. ಅವನಿಗಾಗಿ ಉರಿದ ಮೇಣದಬತ್ತಿ ನಿಜ, ಅತ್ತ ಹೆಂಗಸರು ನಿಜ, ನವೆಂಬರಿನ ಚಳಿಯಲ್ಲಿ ಅವನಿಗಾಗಿ ಗುಡ್ಡ ಹತ್ತಿದ ಒನೆಸಿಮ್ ಮಾವನ ಅಂಗಾಲಿನ ಬೊಬ್ಬೆಗಳನ್ನಂತೂ ನಾನೇ ಕಣ್ಣಾರೆ ಕಂಡಿದ್ದೇನೆ.

ಒನೆಸಿಮ್ ಕೊಕೆಬೆರ್ ನನ್ನ ಸೋದರತ್ತೆಯ ಗಂಡ. ವಾರದ ಆರು ದಿನ ಮೇಣದಬತ್ತಿ ಮಾರುತ್ತಿದ್ದ. ಏಳನೆಯ ದಿನ ಚರ್ಚಿನಲ್ಲಿ ಸರ್ಪ ಊದುತ್ತಿದ್ದ. ಸರ್ಪವೆಂದರೆ ಮಾರುದ್ದದ ಮರದ ಕೊಳವೆಯನ್ನು ಹಾವಿನ ಹಾಗೆ ತಿರುಚಿ, ಮೇಲೆ ಕರಿಯ ಚರ್ಮ ಹೊದಿಸಿ, ತುದಿಗೊಂದು ಹಿತ್ತಾಳೆಯ ಕತ್ತು ಸಿಕ್ಕಿಸಿದ ವಾದ್ಯ. ಪಾದ್ರಿಗಳು ಮಂತ್ರ ಹಾಡುವಾಗ ಅವರ ದನಿ ಬಿದ್ದುಹೋಗದ ಹಾಗೆ ಕೆಳಗಿನಿಂದ ಆನಿಸಿ ಹಿಡಿಯುವುದು ಅದರ ಕೆಲಸ. ಕರು ಕಳೆದುಕೊಂಡ ಹಸು ಬಾವಿಯೊಳಗಿಂದ ಕೂಗಿದರೆ ಹೇಗಿರುತ್ತದೋ ಹಾಗಿರುತ್ತದೆ ಅದರ ದನಿ. ಮಾವನ ಅಪ್ಪ ಅದನ್ನೇ ಊದಿದ್ದ, ಅಜ್ಜ ಅದನ್ನೇ ಊದಿದ್ದ. ಚರ್ಚಿನಲ್ಲಿ ಅದಕ್ಕೊಂದು ಕೆತ್ತನೆಯ ಪೀಠವಿತ್ತು. ಆ ಪೀಠದಲ್ಲಿ ಕೂತಾಗ ಮಾತ್ರ ಊರಿನವರು ಮಾವನನ್ನು ತಲೆಯೆತ್ತಿ ನೋಡುತ್ತಿದ್ದರು.

ಆ ವರ್ಷ ಬ್ಯಾರನೆಸ್ ದ ಕುರ್ಮಾಂ ಅವರಿಗೆ ಚರ್ಚಿಗೊಂದು ಹಾರ್ಮೋನಿಯಂ ಕೊಡುವ ಮನಸ್ಸಾಯಿತು. ಪ್ಯಾರಿಸ್‌ನಲ್ಲಿ ಎಲ್ಲ ಕಡೆ ಅದೇ ಬಂದಿದೆಯಂತೆ. ನುಡಿಸುವುದಕ್ಕೆ ಅವರ ತಮ್ಮನ ಮಗಳು ತಯಾರಾಗಿದ್ದಳು. ಕ್ರಿಸ್ಮಸ್‌ಗೆ ಹಾರ್ಮೋನಿಯಂ ಒಳಗೆ, ಸರ್ಪ ಹೊರಗೆ. ಮಾವ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ಫಿಲೊಮೆನ್ ಅತ್ತೆ ಅವನ ಪಾಲಿನ ಕರುಳಿನ ಸಾರನ್ನು ನನಗೆ ಬಡಿಸಿದಳು, ಆದ್ದರಿಂದ ನನಗೆ ಇದು ಚೆನ್ನಾಗಿ ನೆನಪಿದೆ.

ಇನ್ನು ಲಿಯಾಂದ್ರನ ವಿಷಯ. ರುವಾಂ ಕಡೆಯಿಂದ ಮಧ್ಯಾಹ್ನದ ರೈಲಿನಲ್ಲಿ ಪತ್ರಿಕೆ ಬರುತ್ತಿತ್ತು. ಅದರ ಪುಟದ ಮೇಲ್ಗಡೆ ಚಕ್ರವರ್ತಿಯ ಸಮಾಚಾರ, ಅದನ್ನು ಯಾರೂ ಓದುತ್ತಿರಲಿಲ್ಲ. ಕೆಳಗಡೆ ಒಂದು ದಪ್ಪ ಗೆರೆ, ಗೆರೆಯ ಕೆಳಗೆ ‘ಸುಮಾತ್ರಾದ ಸಂಗೀತಗಾರ’ ಎಂಬ ಧಾರಾವಾಹಿ. ಮದಾಂ ಪೊಲಿನಳ ಕೆಫೆಯಲ್ಲಿ ಸಂಜೆ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದುವವನು ನಾನು. ಹಗಲು ಹಗ್ಗ ಹೊಸೆಯುವ ನನಗೆ ಈ ಗೌರವ ಬಂದದ್ದು ಗಂಟಲಿನಿಂದ. ಕಡಲ್ಗಳ್ಳನಿಗೊಂದು ದನಿ, ರಾಜಕುಮಾರಿಗೊಂದು ದನಿ, ಹುಲಿಗೊಂದು ದನಿ, ಹೀಗೆ ಓದುತ್ತಿದ್ದೆ. ಹುಲಿಯ ದನಿಗೆ ಮದಾಂ ಪೊಲಿನ್ ಒಂದು ಬಟ್ಟಲು ಸೇಬಿನ ಮದ್ಯ ಪುಕ್ಕಟೆ ಕೊಡುತ್ತಿದ್ದಳು.

ಕಥಾನಾಯಕ ಲಿಯಾಂದ್ರ ಒಬ್ಬ ಸಂಗೀತಗಾರ. ಮೊಣಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು ಅವನದು. ಅದರ ಹೊಟ್ಟೆಯೊಳಗೆ ಒಂದು ಕತ್ತಿ, ಎರಡು ಪಿಸ್ತೂಲು, ಒಂದು ಸಲ ಒಂದು ಅನಾಥ ಮಗು. ಇಷ್ಟೆಲ್ಲ ಇದ್ದರೂ ಶ್ರುತಿ ಕೆಡುತ್ತಿರಲಿಲ್ಲ.

"ಓದಪ್ಪಾ ಫಿರ್ಮಿನ್, ನಿನ್ನೆ ಒಕ್ಕಣ್ಣ ಕತ್ತಿ ಎತ್ತಿದ್ದ. ಇಳಿಸಿದ್ನೋ ಇಲ್ವೋ?" ಎಂದಳು ಮದಾಂ ಪೊಲಿನ್ ಆವತ್ತು.

ನಾನು ಓದಿದೆ. ಲಿಯಾಂದ್ರನನ್ನು ಹಡಗಿನ ಕಂಬಕ್ಕೆ ಕಟ್ಟಿದ್ದಾರೆ. ಕಡಲ್ಗಳ್ಳರ ನಾಯಕ ಒಕ್ಕಣ್ಣ, ‘ಕಡೆಯ ಆಸೆ ಏನು?’ ಎನ್ನುತ್ತಾನೆ. ಲಿಯಾಂದ್ರ ಪಿಟೀಲು ಕೇಳುತ್ತಾನೆ. ನುಡಿಸುತ್ತಾನೆ. ಕಳ್ಳರೆಲ್ಲ ಅಳುತ್ತಾರೆ, ಒಕ್ಕಣ್ಣ ಇರುವ ಒಂದು ಕಣ್ಣಿನಲ್ಲೇ ಇಬ್ಬರಷ್ಟು ಅಳುತ್ತಾನೆ. ಆದರೂ ಕಮಾನು ಕಿತ್ತುಕೊಳ್ಳಲು ಬರುತ್ತಾನೆ. ಆಗ ಲಿಯಾಂದ್ರ: ‘ತಲೆ ಬೇಕಾದ್ರೆ ತಗೋ. ಕಮಾನು ಮುಟ್ಟಬೇಡ. ತಲೆ ನಮ್ಮಪ್ಪ ಕೊಟ್ಟಿದ್ದು. ಕಮಾನು ನಾನು ಸಂಪಾದಿಸಿದ್ದು.’

"ಇನ್ನೊಂದ್ಸಲ," ಎಂದರು ಎಲ್ಲರೂ.

ಇನ್ನೊಂದು ಸಲ ಹೇಳಿದೆ. ಮೂರನೆಯ ಸಲ ಬೆಂಚಿನ ಮೇಲೆ ಹತ್ತಿ ಹೇಳಿದೆ.

ಕ್ಯಾಪ್ಟನ್ ಲೆದಾಂತು ಮೂಗು ಒರೆಸಿಕೊಂಡರು. ಇವರು ನ್ಯೂಫೌಂಡ್‌ಲ್ಯಾಂಡ್ ಕಡೆ ಕಾಡ್ ಮೀನಿಗೆ ಹೋಗಿ ಬಂದು ನಿವೃತ್ತರಾದವರು. ಜಗತ್ತಿನ ಯಾವ ಸಮುದ್ರದ ಬಗ್ಗೆಯೂ ಸುಮ್ಮನಿರಲು ಅವರಿಗೆ ಬರುತ್ತಿರಲಿಲ್ಲ. "ವಾದ್ಯ ಅಂದ್ರೆ ಅದಪ್ಪ," ಎಂದರು. "ಕಳ್ಳರೂ ಅಳ್ತಾರೆ. ನಮ್ಮ ಕೊಕೆಬೆರ್ ಊದಿದ್ರೂ ಜನ ಅಳ್ತಾರೆ, ಇಲ್ಲ ಅನ್ನಲ್ಲ. ಯಾವಾಗ ನಿಲ್ಲಿಸ್ತಾನೋ ಅಂತ ಅಳ್ತಾರೆ. ಹಾರ್ಮೋನಿಯಂ ಬರ್ಲಿ, ಎಲ್ಲಾರೂ ಕಣ್ಣೊರೆಸ್ಕೊಳ್ಳೋಣ."

ಕೆಫೆ ನಕ್ಕಿತು. ಮೂಲೆಯಲ್ಲಿ ಕೂತಿದ್ದ ಒನೆಸಿಮ್ ಮಾವ ಬಟ್ಟಲನ್ನು ಮೇಜಿನ ಮೇಲಿಟ್ಟ.

"ಲಿಯಾಂದ್ರ ನಮ್ಮಮ್ಮನ ಹಾಲು ಕುಡಿದೋನು," ಎಂದ.

ನಗು ನಿಂತಿತು. ನಮ್ಮ ಕಡೆ ಇದು ಆಗದ ಮಾತಲ್ಲ. ಪ್ಯಾರಿಸ್‌ನ ದೊಡ್ಡಮನೆಯವರು ಹಸುಗೂಸುಗಳನ್ನು ನಮ್ಮ ನಾರ್ಮಂಡಿಯ ಹೆಂಗಸರ ಹತ್ತಿರ ಹಾಲು ಕುಡಿಸಲು ಬಿಡುವುದು ಎಂದಿನಿಂದಲೂ ಇದೆ. ಮದಾಂ ಪೊಲಿನಳ ತಾಯಿ ಒಬ್ಬ ನ್ಯಾಯಾಧೀಶನನ್ನೂ ಒಬ್ಬ ಜೇಬುಗಳ್ಳನನ್ನೂ ಒಟ್ಟಿಗೆ ಸಾಕಿದ್ದಳು, ಮುಂದೆ ಅವರಿಬ್ಬರೂ ಒಂದೇ ನ್ಯಾಯಾಲಯದಲ್ಲಿ ಭೇಟಿಯಾದರು. ಒಂದೇ ಎದೆಯ ಹಾಲು ಕುಡಿದವರು ಅಣ್ಣತಮ್ಮಂದಿರು, ಅದನ್ನು ಯಾರೂ ತಮಾಷೆ ಮಾಡುವುದಿಲ್ಲ.

"ಕೊರ್ವೆನ್ನಾ? ನಿಮ್ಮನೇಲಾ?" ಎಂದರು ಕ್ಯಾಪ್ಟನ್.

"ಮೂರು ವರ್ಷ. ನನ್ನ ತೊಟ್ಟಿಲಲ್ಲೇ, ನನ್ನ ಕಾಲ ಹತ್ರ ತಲೆ ಇಟ್ಕೊಂಡು ಮಲಗ್ತಿದ್ದ. ಅಳೋವಾಗ್ಲೂ ಶ್ರುತಿ ಬಿಡ್ತಿರ್ಲಿಲ್ಲ."

"ಮತ್ತೆ ಇಷ್ಟು ದಿನ ಹೇಳಲಿಲ್ಲ?"

"ತಮ್ಮನ ಹೆಸರು ಹೇಳ್ಕೊಂಡು ಬದುಕೋ ಜಾತಿ ನಮ್ದಲ್ಲ ಕ್ಯಾಪ್ಟನ್."

ಇದು ಲಿಯಾಂದ್ರನ ಮಾತಿಗಿಂತ ಚೆನ್ನಾಗಿತ್ತು. ಇನ್ನೊಂದು ಸಲ ಹೇಳು ಎನ್ನುವ ಧೈರ್ಯ ಮಾತ್ರ ಯಾರಿಗೂ ಆಗಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ಕಥೆಯಾಗಿರಬಹುದೇ ಎಂದು ಯಾರೂ ಕೇಳಲಿಲ್ಲವೇ ಅಂದರೆ, ಕೇಳಲಿಲ್ಲ. ಒಂದೊಂದು ಸಾಲನ್ನೂ ಸರ್ಕಾರ ಓದಿ, ಒಪ್ಪಿ, ಆಮೇಲೆ ಅಚ್ಚಿಗೆ ಬಿಡುವ ಕಾಲ ಇದು. ಸುಳ್ಳಾಗಿದ್ದರೆ ಚಕ್ರವರ್ತಿ ಸುಮ್ಮನಿರುತ್ತಿದ್ದನೇ?

ಮನೆಯಲ್ಲಿ ಫಿಲೊಮೆನ್ ಅತ್ತೆ ಬೇರೆಯೇ ಕೇಳಿದಳು. "ನಿಮ್ಮಮ್ಮ ಸಾಕಿದ್ದು ಬರೀ ಹೆಣ್ಣುಮಕ್ಳನ್ನ."

"ಮಧ್ಯದಲ್ಲಿ ಒಬ್ಬ ಗಂಡೂ ಇದ್ದ ಅಂದ್ಕೊ."

ಅಷ್ಟರಲ್ಲಿ ಬಾಗಿಲು ತಟ್ಟಿದ ಶಬ್ದವಾಯಿತು. ಮೀನುಗಾರನ ಹೆಂಡತಿ ಒಂದು ಬುಟ್ಟಿ ಬಂಗುಡೆ ಇಟ್ಟು, "ಪಿಟೀಲು ಸ್ವಾಮಿಗಳ ಮನೆಯೋರಿಗೆ," ಎಂದು ಹೇಳಿ ಹೋದಳು. ಅತ್ತೆ ಬುಟ್ಟಿಯನ್ನು ನೋಡಿದಳು.

"ಅಂದ್ಕೊಂಡೆ," ಎಂದಳು.

ಮರುದಿನ ಬ್ಯಾರನೆಸ್ ಅವರ ಗಾಡಿ ಮೇಣದಬತ್ತಿ ಅಂಗಡಿಯ ಮುಂದೆ ನಿಂತಿತು. ಬ್ಯಾರನೆಸ್ ಧಾರಾವಾಹಿಯ ಒಂದೊಂದು ತುಂಡನ್ನೂ ಕತ್ತರಿಸಿ, ರೇಷ್ಮೆ ದಾರದಲ್ಲಿ ಹೊಲಿಸಿ ಇಟ್ಟುಕೊಳ್ಳುವವರು. ಪ್ರಾರ್ಥನೆಯ ಪುಸ್ತಕದ ಪಕ್ಕದಲ್ಲೇ ಅದನ್ನೂ ಇಡುತ್ತಿದ್ದರು.

"ಕೊಕೆಬೆರ್," ಎಂದರು, "ಅವರ ಕಣ್ಣು ಯಾವ ಬಣ್ಣ? ಮೂರನೇ ಅಧ್ಯಾಯದಲ್ಲಿ ನೀಲಿ ಅಂತಿದೆ, ಹನ್ನೊಂದರಲ್ಲಿ ಕಪ್ಪು ಅಂತಿದೆ. ನಂಗೆ ನಿದ್ದೆ ಬರ್ತಿಲ್ಲ."

ಮಾವ ಯೋಚಿಸಲೇ ಇಲ್ಲ. "ಹಾಲು ಕುಡಿಯೋವಾಗ ನೀಲಿ ಅಮ್ಮಾವ್ರೆ. ಕೋಪ ಬಂದಾಗ ಕಪ್ಪು."

"ಹನ್ನೊಂದರಲ್ಲಿ ಕೋಪ ಬಂದಿತ್ತು," ಎಂದರು ಬ್ಯಾರನೆಸ್ ಮೆಲ್ಲಗೆ. ಅವರ ಮುಖದಿಂದ ವರ್ಷಗಳ ಭಾರ ಇಳಿದಂತಿತ್ತು. ಹೊರಡುವಾಗ ಅವರೇ ಹೇಳಿದರು: "ಲಿಯಾಂದ್ರ ಅವರ ಅಣ್ಣ ಕೂರೋ ಪೀಠದಲ್ಲಿ ನಾನು ಪೆಟ್ಟಿಗೆ ತಂದಿಡೋದಾ? ಹಾರ್ಮೋನಿಯಂ ಬೇಡ."

ಮಾವನ ಊಟ ಮಾಮೂಲಿಗೆ ಬಂತು, ನನ್ನ ಪಾಲು ಕಡಿಮೆಯಾಯಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅಕ್ಟೋಬರ್ ಕೊನೆಯಲ್ಲಿ ಒಂದು ಸಂಜೆ ನಾನು ಪುಟ ಬಿಚ್ಚಿ ಓದುತ್ತಾ ಹೋದಂತೆ ಲಿಯಾಂದ್ರ ಸತ್ತುಹೋದ. ಸುಂದಾ ಜಲಸಂಧಿಯಲ್ಲಿ, ಬಿರುಗಾಳಿಯಲ್ಲಿ, ಇದ್ದ ಒಂದೇ ದೋಣಿಯನ್ನು ರಾಜಕುಮಾರಿಗೆ ಬಿಟ್ಟುಕೊಟ್ಟು, ಪಿಟೀಲನ್ನು ತಬ್ಬಿಕೊಂಡು ನೀರಿಗಿಳಿದ. ನೀರಿನೊಳಗಿಂದಲೂ ಒಂದು ಸ್ವರ ಕೇಳಿಸಿತಂತೆ. ಆಮೇಲೆ ಗುಳ್ಳೆ.

ಕ್ಯಾಪ್ಟನ್ ಎದ್ದು, ಟೋಪಿ ತೆಗೆದು, ಮಾವನ ಮುಂದೆ ನಿಂತರು. "ಕೊಕೆಬೆರ್, ನಾನು ಸರ್ಪದ ವಿಷಯಕ್ಕೆ ಆಡಿದ್ದೆಲ್ಲ ವಾಪಸ್ ತಗೊಂಡಿದೀನಿ. ಆದ್ರೂ ಒಂದು ಮಾತು. ಆ ಜಲಸಂಧೀಲಿ ಈ ತಿಂಗಳು ನೀರಿನ ಹರಿವು ದಡದ ಕಡೆಗಿರುತ್ತೆ. ನಂಗ್ಯಾಕೋ ಅನುಮಾನ."

"ಸತ್ತ ಮನೇಲಿ ನಿಮ್ಮ ಹರಿವು ತರಬೇಡಿ," ಎಂದು ಮದಾಂ ಪೊಲಿನ್ ಅವರನ್ನು ಕೂರಿಸಿದಳು.

ಬೆಳಗಾಗುವುದರೊಳಗೆ ಮಾವನ ತೋಳಿಗೆ ಕಪ್ಪು ಪಟ್ಟಿ ಬಂದಿತ್ತು. ಅತ್ತೆ ಹಳೆಯ ನೀಲಿ ಲಂಗವನ್ನು ಕಪ್ಪು ಬಣ್ಣದ ಹಂಡೆಯಲ್ಲಿ ಅದ್ದಿದಳು. ನೆರೆಹೊರೆಯವರು ಬಂದು ಕೂತು, ಅಷ್ಟು ದೊಡ್ಡವನಾದರೂ ಹಾಲು ಕುಡಿಸಿದ ಮನೆಯನ್ನು ಎಂದೂ ಮರೆಯಲಿಲ್ಲವೇ ಎಂದು ವಿಚಾರಿಸಿದರು. ಮಾವ, ಮರೆಯಲಿಲ್ಲ ಎಂದ. ಬ್ಯಾರನೆಸ್ ಅವರೇ ಮುಂದೆ ನಿಂತು ಮಾವನನ್ನು ಪಾದ್ರಿಗಳ ಹತ್ತಿರ ಕರೆದುಕೊಂಡು ಹೋದರು. ಸಾಕ್ಷಿಗೆ ನಾನೂ ಹೋದೆ.

ಫಾದರ್ ಲೆಸ್ಕುಯೆ ಪತ್ರಿಕೆ ಓದುವವರಲ್ಲ. ಪತ್ರಿಕೆ ಇರುವುದು ಮೀನು ಸುತ್ತುವುದಕ್ಕೆ ಎಂದೇ ಅವರು ತಿಳಿದಿದ್ದರು.

"ಯಾರು ತೀರಿಕೊಂಡಿದ್ದು?" ಎಂದರು.

"ನನ್ನ ಹಾಲುತಮ್ಮ ಫಾದರ್."

"ದೇಹ ಎಲ್ಲಿದೆ?"

"ಸಮುದ್ರದಲ್ಲಿ."

"ಅಯ್ಯೋ ಪಾಪ. ಯಾವ ಹಡಗು?"

"ಕಡಲ್ಗಳ್ಳರದ್ದು."

ಫಾದರ್ ಶಿಲುಬೆಯ ಗುರುತು ಹಾಕಿಕೊಂಡು ಮುಂದೇನೂ ಕೇಳಲಿಲ್ಲ. ನಮ್ಮದು ಮೀನುಗಾರರ ಊರು. ಪ್ರತಿ ಚಳಿಗಾಲ ಒಬ್ಬಿಬ್ಬರಾದರೂ ದೇಹವಿಲ್ಲದೆ ಸಾಯುತ್ತಾರೆ. ಅವರಿಗಾಗಿ ಚರ್ಚಿನ ನಡುವೆ ಖಾಲಿ ಶವಪೆಟ್ಟಿಗೆ ಇಟ್ಟು, ಮೇಲೆ ಕರಿಯ ಬಟ್ಟೆ ಹೊದಿಸಿ ಪೂಜೆ ಮಾಡುವುದು ಇಲ್ಲಿನ ಪದ್ಧತಿ. ಖಾಲಿ ಪೆಟ್ಟಿಗೆಯ ಮುಂದೆ ಮಂತ್ರ ಹೇಳುವುದರಲ್ಲಿ ನಮ್ಮ ಫಾದರ್‌ಗೆ ಇರುವಷ್ಟು ಅಭ್ಯಾಸ ಒಳನಾಡಿನ ಯಾವ ಪಾದ್ರಿಗೂ ಇರಲಿಕ್ಕಿಲ್ಲ.

ಪೂಜೆ ನಡೆಯಿತು. ಮಾವ ಸರ್ಪ ಊದಿದ. ಆವತ್ತು ಆ ಹಸು ನಿಜವಾಗಿಯೂ ಕರು ಕಳೆದುಕೊಂಡಿತ್ತು. ಖಾಲಿ ಪೆಟ್ಟಿಗೆಯ ಮೇಲೆ ಬ್ಯಾರನೆಸ್ ಒಂದು ಪಿಟೀಲಿನ ಕಮಾನು ಇಟ್ಟರು. ಕ್ಯಾಪ್ಟನ್ ಬಿಕ್ಕಿದರು. ಮಾವನ ಕಣ್ಣಿನಲ್ಲೂ ನೀರು ಸುರಿಯುತ್ತಿತ್ತು. ಪಕ್ಕದಲ್ಲಿದ್ದ ಅತ್ತೆ, "ನೀವ್ಯಾಕ್ರೀ ಅಳ್ತೀರಿ?" ಎಂದು ಪಿಸುಗುಟ್ಟಿದ್ದಕ್ಕೆ, "ಎಷ್ಟಾದ್ರೂ ಒಂದೇ ತೊಟ್ಟಿಲು ಕಣೇ," ಎಂದ.

ಎರಡು ವಾರ ಊರು ತಣ್ಣಗಿತ್ತು. ಧಾರಾವಾಹಿಯಲ್ಲಿ ರಾಜಕುಮಾರಿ ಒಬ್ಬಳೇ ಕಾಡಿನಲ್ಲಿ ಅಲೆಯುತ್ತಿದ್ದಳು, ಯಾರಿಗೂ ಅವಳ ಮೇಲೆ ಆಸಕ್ತಿ ಇರಲಿಲ್ಲ. ನಮ್ಮ ಊರಿನ ಹಾಗೆಯೇ ಬೇರೆ ಊರುಗಳಲ್ಲೂ ಪತ್ರಿಕೆ ಕೊಳ್ಳುವುದನ್ನು ನಿಲ್ಲಿಸಿದರೆಂದು ಕಾಣುತ್ತದೆ. ಒಂದು ಸಂಜೆ ನಾನು ಓದುತ್ತಿದ್ದೆ: ‘ಅಲೆಗಳ ನಡುವೆ ಒಂದು ಕರಿಯ ಆಕೃತಿ. ದೋಣಿಯೇ? ಅಲ್ಲ. ತಿಮಿಂಗಿಲವೇ? ಅಲ್ಲ. ಅದೊಂದು ಪಿಟೀಲು. ಅದರ ಮೇಲೆ ಕೂತು, ಕಮಾನನ್ನೇ ಹುಟ್ಟು ಮಾಡಿಕೊಂಡು...’

ನನ್ನ ಮಾತು ಮುಗಿಯುವ ಮೊದಲೇ ಕ್ಯಾಪ್ಟನ್ ಮೇಜು ಗುದ್ದಿದರು. "ಹರಿವು. ನಾನು ಹೇಳಿರ್ಲಿಲ್ವಾ? ಹರಿವು ದಡದ ಕಡೆಗೆ."

ಜನ ಮಾವನನ್ನು ತಬ್ಬಿಕೊಂಡರು. ಮದಾಂ ಪೊಲಿನ್ ಪೀಪಾಯಿ ತೆರೆದಳು. ಮಾವ ಕಪ್ಪು ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡು, "ದೇವರು ದೊಡ್ಡೋನು," ಎಂದು ಹೇಳಿ ಬಾಗಿಲ ಕಡೆಗೆ ಹೊರಟ. ಕ್ಯಾಪ್ಟನ್ ಅವನ ಭುಜ ಹಿಡಿದರು.

"ಹರಕೆ?"

"ಯಾವ ಹರಕೆ?"

"ಯಾವ್ದು ಅಂತೀಯಲ್ಲಪ್ಪ. ನೀರು ಪಾಲಾದೋನು ಬದುಕಿ ಬಂದ್ರೆ ಬರೀ ಅಂಗೀಲಿ, ಬರಿಗಾಲಲ್ಲಿ, ಬತ್ತಿ ಹಿಡ್ಕೊಂಡು ಗುಡ್ಡದ ಮೇಲಿನ ದೇವಮಾತೆಗೆ ನಡ್ಕೊಂಡು ಹೋಗ್ಬೇಕು. ನಾನು ಹೋಗಿದೀನಿ, ನಮ್ಮಪ್ಪ ಹೋಗಿದ್ದ."

"ಅದು ಬದುಕಿ ಬಂದೋನು ಮಾಡೋದು. ಲಿಯಾಂದ್ರ ಸುಮಾತ್ರಾದಲ್ಲಿದಾನೆ."

"ಅಲ್ಲಿ ಎಲ್ಲಿದೆ ದೇವಮಾತೆ ಗುಡಿ? ಅವನ ಪರವಾಗಿ ಅಣ್ಣ ನಡೀಬೇಕು. ಪೂಜೆ ಮಾಡಿಸೋಕೆ ಅಣ್ಣ, ನಡಿಯೋಕೆ ಇನ್ಯಾರು?"

ಕೆಫೆ ಹೌದೆಂದು ತಲೆಯಾಡಿಸಿತು. ಬ್ಯಾರನೆಸ್ ಅವರಿಗೂ ಸುದ್ದಿ ಹೋಯಿತು. ಅವರು ಕೂಡಲೇ ಎರಡು ಸೇರು ತೂಕದ ಮೇಣದಬತ್ತಿ ಮಾವನ ಅಂಗಡಿಯಿಂದಲೇ ತರಿಸಿ, ಮಾವನಿಗೇ ಕೊಟ್ಟರು.

ಭಾನುವಾರ ಬೆಳಿಗ್ಗೆ ಹೊಲದ ಮೇಲೆಲ್ಲ ಮಂಜು ಬಿದ್ದಿತ್ತು. ಒನೆಸಿಮ್ ಮಾವ ಮಲಗುವ ಅಂಗಿಯೊಂದರಲ್ಲೇ ಮನೆಯಿಂದ ಹೊರಬಂದ. ಮುಂದೆ ಫಾದರ್, ಹಿಂದೆ ಮಾವ, ಅವನ ಹಿಂದೆ ಇಡೀ ಊರು ಉಣ್ಣೆಯ ಬಟ್ಟೆಯಲ್ಲಿ. ದಾರಿಯುದ್ದ ಕ್ಯಾಪ್ಟನ್ ಧೈರ್ಯ ಹೇಳಿದರು: "ಕಾಲು ಮರಗಟ್ಟೋವರೆಗೆ ಕಷ್ಟ. ಆಮೇಲೆ ಕಾಲು ಇದೆ ಅಂತಾನೇ ಗೊತ್ತಾಗಲ್ಲ." ಮಾವನಿಗೆ ಅರ್ಧ ದಾರಿಯಲ್ಲೇ ಗೊತ್ತಾಗುವುದು ನಿಂತಿತು.

ಗುಡ್ಡದ ಮೇಲೆ ಗುಡಿಯ ಬಾಗಿಲಲ್ಲಿ ಒಬ್ಬ ದಪ್ಪನೆಯ ಮನುಷ್ಯ ನಿಂತಿದ್ದ. ಚೌಕುಳಿ ಷರಾಯಿ, ಬೆರಳಿಗೆಲ್ಲ ಮಸಿ. ಇಂಥ ಊರಿನಲ್ಲಿ ಲಿಯಾಂದ್ರನಿಗೆ ಪೂಜೆ ನಡೆಯಿತಂತೆ ಎಂಬ ಸುದ್ದಿ ಕೇಳಿ ಪ್ಯಾರಿಸ್‌ನಿಂದ ರೈಲು ಹತ್ತಿ ಬಂದವನು. ಹೆಸರು ಮೊಸ್ಯೂ ವಲೆರಾಂ. ಆ ಹೆಸರು ಧಾರಾವಾಹಿಯ ಕೊನೆಯಲ್ಲಿ ದಿನವೂ ಬರುತ್ತದೆ, ಅದನ್ನು ಮಾತ್ರ ನಾನು ಎಂದೂ ಗಟ್ಟಿಯಾಗಿ ಓದಿರಲಿಲ್ಲ. ಅಷ್ಟು ಹೊತ್ತಿಗೆ ಎಲ್ಲರೂ ಎದ್ದು ಹೊರಡುತ್ತಿದ್ದರು.

ಅವನು ಟೋಪಿ ತೆಗೆದು ನೇರವಾಗಿ ಫಾದರ್ ಹತ್ತಿರ ಬಂದ.

"ಲಿಯಾಂದ್ರ ಕೊರ್ವೆನ್‌ಗೆ ಪೂಜೆ ಮಾಡಿದೋರು ನೀವೇನಾ ಫಾದರ್? ಸುದ್ದಿ ಕೇಳಿದ ಕೂಡಲೇ ಹೊರಟುಬಂದೆ. ಅವನನ್ನ ಮುಳುಗಿಸಿದೋನು ನಾನೇ."

ಫಾದರ್ ಕೈಯಲ್ಲಿದ್ದ ಶಿಲುಬೆಯನ್ನು ಇಬ್ಬರ ನಡುವೆ ಎತ್ತಿ ಹಿಡಿದರು. "ಬೇಕಂತಲೇನಾ?"

"ಬೇಕಂತಲೇ. ಬೆಳಿಗ್ಗೆ ಕಾಫಿ ಕುಡೀತಾ ತೀರ್ಮಾನ ಮಾಡ್ದೆ. ಅವನಿಂದ ಇನ್ನೇನೂ ಗಿಟ್ಟೋ ಹಾಗೆ ಕಾಣಲಿಲ್ಲ."

"ಹಣಕ್ಕೋಸ್ಕರ?"

"ಮತ್ತಿನ್ಯಾತಕ್ಕೆ ಹೇಳಿ. ಬೇಗ ಸಾಯಿಸಿದ್ರೆ ಕಡಿಮೆ ಸಿಗುತ್ತೆ. ಎಷ್ಟು ಹೊತ್ತು ನರಳಿಸ್ತೀವೋ ಅಷ್ಟು ಜಾಸ್ತಿ."

"ಇವನೊಬ್ಬನನ್ನೇನಾ?"

"ಲೆಕ್ಕ ಇಟ್ಟೋರ್ಯಾರು ಫಾದರ್. ಹೋದ ವಾರ ಒಂದು ಕಾನ್ವೆಂಟ್ ಪೂರ್ತಿ ಸುಟ್ಟೆ. ಸನ್ಯಾಸಿನಿಯರು ಒಳಗೇ ಇದ್ರು."

ಫಾದರ್ ಅವನ ತೋಳು ಹಿಡಿದುಕೊಂಡರು. "ಬಾ ಮಗನೇ. ಒಳಗೆ ಬಂದು ಮೊಣಕಾಲೂರು. ಕ್ಯಾಪ್ಟನ್, ನೀವು ಬಾಗಿಲಲ್ಲಿ ನಿಂತ್ಕೊಳ್ಳಿ, ಈತ ಓಡಿಹೋಗಬಾರದು."

ಇಬ್ಬರೂ ಒಳಗೆ ಹೋದರು. ಹೊರಗೆ ಮಾವ ಮೇಣದಬತ್ತಿಯನ್ನು ಎದೆಗೊತ್ತಿಕೊಂಡು ಬೆಚ್ಚಗಾಗಲು ನೋಡುತ್ತಿದ್ದ. ಬಹಳ ಹೊತ್ತಾದ ಮೇಲೆ ಫಾದರ್ ಹೊರಬಂದರು. ಮುಖ ಬಿಳುಚಿಹೋಗಿತ್ತು. ಮೊಸ್ಯೂ ವಲೆರಾಂ ಹಿಂದೆಯೇ ಬಂದ, ಮೊಣಕಾಲಿನ ದೂಳು ಕೊಡವುತ್ತಾ.

"ಕೊಕೆಬೆರ್," ಎಂದರು ಫಾದರ್. "ನಾನು ಪೂಜೆ ಮಾಡಿದ್ದು ಯಾರಿಗೆ?"

ಮಾವ ಬಾಯಿ ತೆರೆದ. ಹಲ್ಲು ಕಟಕಟ ಎಂದದ್ದು ಬಿಟ್ಟರೆ ಬೇರೆ ಮಾತು ಬರಲಿಲ್ಲ.

"ಲಿಯಾಂದ್ರನಿಗೆ," ಎಂದರು ಕ್ಯಾಪ್ಟನ್, ಸಹಾಯ ಮಾಡುವವರಂತೆ.

"ಅಂಥೋನು ಯಾರೂ ಇಲ್ವಂತೆ. ಇವರ ತಲೆಯಿಂದ ಹುಟ್ಟಿದೋನಂತೆ."

"ತಲೆಯಿಂದ ಯಾರು ಹುಟ್ತಾರೆ ಫಾದರ್? ಕೊಕೆಬೆರ್ ತಾಯಿ ಹಾಲು ಕೊಟ್ಟಿದಾಳೆ. ತಲೆಗೆ ಹಾಲು ಕೊಡಕ್ಕಾಗುತ್ತಾ?"

ಬ್ಯಾರನೆಸ್ ಮುಂದೆ ಬಂದರು. ಅವರ ಹಿಂದೆ ತಮ್ಮನ ಮಗಳು ನಿಂತಿದ್ದಳು, ಹಾರ್ಮೋನಿಯಂ ನುಡಿಸುವ ಬೆರಳುಗಳನ್ನು ಕೈಗವಸಿನ ಒಳಗೇ ಆಡಿಸುತ್ತಾ. "ಮೊಸ್ಯೂ," ಎಂದರು ಬ್ಯಾರನೆಸ್, "ಲಿಯಾಂದ್ರ ಅವರ ವಿಷಯ ನಿಮಗೆ ಗೊತ್ತು. ಒಂದೇ ಮಾತಲ್ಲಿ ಹೇಳಿ. ಈ ಮನುಷ್ಯ ಅವರ ಹಾಲಣ್ಣ ಹೌದೋ ಅಲ್ವೋ? ಅಲ್ಲ ಅಂದ್ರೆ ಕ್ರಿಸ್ಮಸ್‌ಗೇ ಹಾರ್ಮೋನಿಯಂ."

ಮೊಸ್ಯೂ ವಲೆರಾಂ ಮಾವನನ್ನು ನೋಡಿದ. ಅಂಗಿ ನೋಡಿದ, ನೀಲಿಗಟ್ಟಿದ ಕಾಲು ನೋಡಿದ, ಮೂಗಿನ ತುದಿಯ ಹನಿ ನೋಡಿದ.

"ಹಾಲಣ್ಣ," ಎಂದ, ಸಾರಿನ ರುಚಿ ನೋಡುವವನಂತೆ. "ನೀವೇನಾದ್ರೂ ನುಡಿಸ್ತೀರಾ?"

"ಸ-ಸರ್ಪ."

"ಸರ್ಪ," ಎಂದು ಅವನು ಕಣ್ಣು ಮುಚ್ಚಿಕೊಂಡ. ಎರಡು ತಿಂಗಳಿಂದ ಮುಂದೆ ಏನು ಬರೆಯುವುದೆಂದು ತೋಚದ ಮನುಷ್ಯನ ಮುಖ ಅದು. ಕಣ್ಣು ಬಿಟ್ಟವನು ಬ್ಯಾರನೆಸ್ ಅವರಿಗೆ ತಲೆಬಾಗಿದ. "ಹಾಲಣ್ಣನೇ ಅಮ್ಮಾವ್ರೆ. ಗುರುವಾರದಿಂದ."

ಗುರುವಾರ ಬಂತು. ನಾನು ಬೆಂಚಿನ ಮೇಲೆ ಹತ್ತಿ ಓದಿದೆ: ‘ದೂರದ ನಾರ್ಮಂಡಿಯ ಒಂದು ಬಂದರಿನಲ್ಲಿ, ಮೇಣದಬತ್ತಿಯ ಬೆಳಕಿನಲ್ಲಿ, ಒಬ್ಬ ಮನುಷ್ಯ ಸರ್ಪ ಊದುತ್ತಿದ್ದ. ಅವನೇ ಒನೆಸಿಮ್. ಲಿಯಾಂದ್ರನ ಹಾಲಣ್ಣ.’ ಕೆಫೆ ಎದ್ದು ನಿಂತಿತು. ಅತ್ತೆ ತನ್ನ ಬಗ್ಗೆ ಏನಾದರೂ ಇದೆಯೇ ಎಂದು ಕೇಳಿದಳು. ‘ದಣಿವರಿಯದ ಹೆಂಡತಿ’ ಎಂದಿತ್ತು, ಅದನ್ನು ಎರಡು ಸಲ ಓದಿಸಿದಳು. ಬ್ಯಾರನೆಸ್ ಆ ತುಂಡನ್ನು ಚಿನ್ನದ ದಾರದಲ್ಲಿ ಹೊಲಿಸಿದರು. ಫಾದರ್ ಮಾತ್ರ ಮಾವನನ್ನು ಕರೆದು, "ಕೊಕೆಬೆರ್, ನೀನು ಪತ್ರಿಕೇಲಿರೋನೋ ಚರ್ಚಲ್ಲಿರೋನೋ, ಒಂದು ತೀರ್ಮಾನಕ್ಕೆ ಬಾ," ಎಂದರು. ಮಾವ ಎರಡೂ ಕಡೆ ಇರುತ್ತೇನೆ ಎಂದ. ಅದೇ ತಪ್ಪಾಯಿತು.

ಪತ್ರಿಕೆಯ ಒನೆಸಿಮ್ ಸುಮ್ಮನೆ ಕೂರುವವನಾಗಿರಲಿಲ್ಲ. ಸರ್ಪ ಹೆಗಲಿಗೇರಿಸಿ ಹಡಗು ಹತ್ತಿದ. ಬಿರುಗಾಳಿಯಲ್ಲಿ ಅದನ್ನು ಊದಿ ತಿಮಿಂಗಿಲಗಳನ್ನು ಓಡಿಸಿದ. ಒಕ್ಕಣ್ಣನ ಎದುರು ನಿಂತು, ‘ನನ್ನ ತಮ್ಮನ ಕೂದಲು ಅಲ್ಲಾಡಿದ್ರೂ ಈ ಸರ್ಪ ಬುಸುಗುಟ್ಟುತ್ತೆ’ ಎಂದ. ಆ ಮಾತನ್ನು ನಾನು ಎಷ್ಟು ಸಲ ಹೇಳಿದೆನೆಂದರೆ ಮರುದಿನ ಗಂಟಲಿಗೆ ಉಪ್ಪುನೀರು ಬೇಕಾಯಿತು. ಮಾವ ಬೀದಿಯಲ್ಲಿ ಎದೆಯುಬ್ಬಿಸಿ ನಡೆದ. ಆಮೇಲೆ ಡಿಸೆಂಬರ್ ಮೊದಲ ವಾರದಲ್ಲಿ, ಅದೇ ಸುಂದಾ ಜಲಸಂಧಿಯಲ್ಲಿ, ತಮ್ಮನನ್ನು ಹಲಗೆಯ ಮೇಲೆ ಹತ್ತಿಸಿ ಒನೆಸಿಮ್ ನೀರಿಗೆ ಬಿದ್ದ. ಮೊಸ್ಯೂ ವಲೆರಾಂ ಅವನನ್ನು ಸಂಚಿಕೆ ಪೂರ್ತಿ ನರಳಿಸಿದ್ದ. ಕಡೆಯ ಮಾತು: ‘ತಮ್ಮಾ, ಶ್ರುತಿ ಬಿಡಬೇಡ.’

ನಾನು ಪತ್ರಿಕೆ ಮಡಚಿದೆ. ಎಲ್ಲರೂ ಟೋಪಿ ತೆಗೆದರು. ಮೂಲೆಯಲ್ಲಿದ್ದ ಮಾವನೂ ತೆಗೆದ.

ಕ್ಯಾಪ್ಟನ್ ಬಂದು ಅವನ ಭುಜದ ಮೇಲೆ ಕೈಯಿಟ್ಟರು. "ಎಂಥಾ ಮನುಷ್ಯ," ಎಂದರು.

"ಕ್ಯಾಪ್ಟನ್, ನಾನು ಇಲ್ಲೇ ಕೂತಿದೀನಿ."

"ಕೂತ್ಕೊ ಅಪ್ಪ, ಕೂತ್ಕೊ. ನಿಂಗೆ ಎಷ್ಟು ಸಂಕಟ ಆಗಿರ್ಬೇಕು."

ಬೆಳಿಗ್ಗೆ ನೆರೆಯವರು ಅತ್ತೆಯನ್ನು ಮಾತಾಡಿಸಲು ಬಂದರು. ಬಾಗಿಲು ತೆರೆದದ್ದು ಮಾವ. ಅವರು ಮುಜುಗರದಿಂದ, "ಫಿಲೊಮೆನ್ ಇದಾಳಾ? ನಾವು ಆಮೇಲೆ ಬರ್ತೀವಿ," ಎಂದು ಹಿಂದೆ ಸರಿದರು. ಕಪ್ಪು ಲಂಗ ಹೇಗೂ ಇತ್ತು. ಅತ್ತೆ ಅದನ್ನೇ ಉಟ್ಟಳು, ಬೇರೆಯದು ಒಗೆಯಲು ಹಾಕಿದ್ದೇನೆ ಎಂದಳು.

ಬ್ಯಾರನೆಸ್ ಪೂಜೆ ಮಾಡಿಸಬೇಕೆಂದು ಫಾದರ್ ಹತ್ತಿರ ಹೋದರು. ಈ ಸಲ ಫಾದರ್ ಬಗ್ಗಲಿಲ್ಲ. "ಸತ್ತಿರೋನು ಹುಟ್ಟಿಲ್ಲ. ಹುಟ್ಟಿರೋನು ಸತ್ತಿಲ್ಲ. ಇಬ್ಬರಲ್ಲಿ ಯಾರಿಗೂ ಮಾಡಲ್ಲ," ಎಂದರು. ದುಃಖಕ್ಕೆ ದಾರಿ ಕಾಣದೆ ಬ್ಯಾರನೆಸ್ ಮೂರು ದಿನ ಕೋಣೆ ಬಿಟ್ಟು ಹೊರಬರಲಿಲ್ಲ. ನಾಲ್ಕನೆಯ ದಿನ ಅವರಿಗೊಂದು ದಾರಿ ಹೊಳೆಯಿತು. ಹಾರ್ಮೋನಿಯಂ ತರಿಸಿದರು. ಅದರ ಹಣೆಯ ಮೇಲೆ ಹಿತ್ತಾಳೆಯ ಫಲಕ ಹೊಡೆಸಿದರು: ‘ಸುಂದಾ ಜಲಸಂಧಿಯಲ್ಲಿ ಪ್ರಾಣ ಕೊಟ್ಟ ಒನೆಸಿಮ್ ಕೊಕೆಬೆರ್ ಅವರ ನೆನಪಿಗೆ.’

ಮಾವ ಬ್ಯಾರನೆಸ್ ಅವರ ಹತ್ತಿರ ಓಡಿದ. ನಾನೂ ಹಿಂದೆ ಹೋದೆ.

"ಅಮ್ಮಾವ್ರೆ, ಹಾಲಣ್ಣ ಕೂರೋ ಪೀಠದಲ್ಲಿ ಪೆಟ್ಟಿಗೆ ಇಡಲ್ಲ ಅಂದಿದ್ರಿ."

"ಅಂದಿದ್ದೆ ಕೊಕೆಬೆರ್. ಅವರು ಹೋದ ಮೇಲೆ ಆ ಪೀಠದಲ್ಲಿ ಇನ್ನೊಬ್ರು ಕೂತು ಊದೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

"ಇನ್ನೊಬ್ರಲ್ಲ ಅಮ್ಮಾವ್ರೆ. ನಾನೇ."

ಬ್ಯಾರನೆಸ್ ಕರವಸ್ತ್ರ ಕಣ್ಣಿಗೊತ್ತಿಕೊಂಡರು. "ನೀವು ಊದಿದಾಗೆಲ್ಲ ನಂಗೆ ಅವರೇ ನೆನಪಾಗ್ತಾರೆ," ಎಂದರು.

ಕ್ರಿಸ್ಮಸ್ ಪೂಜೆಯಲ್ಲಿ ಹಾರ್ಮೋನಿಯಂ ನುಡಿಯಿತು. ಮೂರು ತಲೆಮಾರಿನ ಪೀಠವನ್ನು ಗೋಡೆಯ ಕಡೆಗೆ ಸರಿಸಿದ್ದರು. ಮಾವ ಜನರ ಮಧ್ಯೆ, ಕಂಬದ ಪಕ್ಕದಲ್ಲಿ ಕೂತಿದ್ದ. ಅಲ್ಲಿಂದ ಅವನಿಗೆ ಫಲಕ ಚೆನ್ನಾಗಿ ಕಾಣುತ್ತಿತ್ತು. ಪೂಜೆ ಮುಗಿದು ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ, ತನ್ನ ಹೆಸರಿನ ಮೇಲೆ ಬಿದ್ದಿದ್ದ ಮೇಣದ ಹನಿಯನ್ನು ಉಗುರಿನಿಂದ ಕೆರೆದು ತೆಗೆದ.

ಈಗ ಅವನು ದಿನವೂ ಕೆಫೆಗೆ ಎಲ್ಲರಿಗಿಂತ ಮೊದಲು ಬರುತ್ತಾನೆ. ಸರ್ಪವನ್ನು ಒರೆಸಿ, ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂರುತ್ತಾನೆ. ರೈಲು ಬರುತ್ತದೆ, ಪತ್ರಿಕೆ ಬರುತ್ತದೆ. ನಾನು ಬಿಚ್ಚಿ, ಗೆರೆಯ ಕೆಳಗಿನದನ್ನು ಒಮ್ಮೆ ಕಣ್ಣಾಡಿಸುವವರೆಗೆ ಕಾಯುತ್ತಾನೆ.

"ಫಿರ್ಮಿನ್, ನಾನು ದಡ ಸೇರಿದ್ನಾ?"

"ಇವತ್ತೂ ಇಲ್ಲ ಮಾವ."

"ಸೇರ್ತೀಯ," ಎನ್ನುತ್ತಾರೆ ಕ್ಯಾಪ್ಟನ್. "ಆ ಜಲಸಂಧೀಲಿ ಹರಿವು ಯಾವತ್ತೂ ಮೋಸ ಮಾಡಿಲ್ಲ. ಆದ್ರೆ ಬಂದ್ಮೇಲೆ ಹರಕೆ ಇದೆ ನೋಡು, ಮರೀಬೇಡ."

"ಅಂಗಿ ಒಗೆಸಿಟ್ಟಿದೀನಿ," ಎನ್ನುತ್ತಾನೆ ಮಾವ.